ಒಂದನೆಯ ಮನೆಗೆ ಚಿಟಿಕೆ ಸಕ್ಕರೆ

ರಾಜ್ಯಗಳು ಅಳಿಯುತ್ತವೆ, ಅರಸರು ಅಳಿಯುತ್ತಾರೆ, ಕೊನೆಗೆ ಉಳಿಯುವುದು ಪಾತ್ರೆ. ಯಾವ ಹಾಳುದಿಬ್ಬವನ್ನು ಅಗೆದರೂ ಮೊದಲು ಕೈಗೆ ಸಿಗುವುದು ಮಡಕೆಯ ಚೂರೇ. ಮನುಷ್ಯನು ತನ್ನ ಬಗ್ಗೆ ಬಿಟ್ಟುಹೋಗುವ ಸಾಕ್ಷಿಗಳಲ್ಲಿ ಸುಳ್ಳು ಹೇಳದ್ದು ಅದೊಂದೇ. ಇಷ್ಟು ಘನವಾದ ವಿಚಾರ ನನಗೆ ಹೊಳೆದದ್ದು ಎರಡು ಲೀಟರಿನ ವೆನಿಲಾ ಐಸ್‌ಕ್ರೀಮಿನ ಪ್ಲಾಸ್ಟಿಕ್ ಡಬ್ಬಿಯೊಂದರ ಎದುರು. ಮೊನ್ನೆ ತೊಗರಿಬೇಳೆ ಮುಗಿದು ಅದರ ತಳ ಕಂಡಿತು. ತಳದಲ್ಲಿ ನಾಲ್ಕು ಬೇಳೆ. ಮುಚ್ಚಳದ ಮೇಲೆ ನೀಲಿ ಶಾಯಿಯಲ್ಲಿ ಬರೆದು ಅರ್ಧ ಅಳಿಸಿಹೋದ ಇಂಗ್ಲಿಷಿನ ‘ಕೆ’ ಅಕ್ಷರ. ಕೆ ಎಂದರೆ ಕೀತ್. ನಾನು ಡಬ್ಬಿ ಹಿಡಿದುಕೊಂಡು ಅಡುಗೆಮನೆಯಲ್ಲಿ ಸುಮಾರು ಹೊತ್ತು ನಿಂತೆ. ಒಲೆಯ ಮೇಲಿನ ನೀರು ಬೇಳೆಗಾಗಿ ಕುದಿದು ಕುದಿದು ಬೇಸತ್ತು ಇಂಗಿಹೋಯಿತು.

ಈಗ ಒಪ್ಪಿಕೊಳ್ಳಬೇಕಾದ ಸಂಗತಿಯೊಂದಿದೆ. ಹತ್ತು ವರ್ಷಗಳ ಕೆಳಗೆ, ಬರ್ಮಿಂಗ್‌ಹ್ಯಾಮಿನ ಸೆಲ್ಲಿ ಓಕ್‌ನಲ್ಲಿ ಎಂ.ಎಸ್ಸಿ. ಓದುತ್ತಿದ್ದಾಗ, ನಾನು ಸೈಕೆಡೆಲಿಕ್ ಟ್ರಾನ್ಸ್ ಎಂಬ ಸಂಗೀತಕ್ಕೆ ಬೇಸ್ ಕಟ್ಟುತ್ತಿದ್ದೆ. ಈಗ ಸಟನ್ ಕೋಲ್ಡ್‌ಫೀಲ್ಡ್‌ನಲ್ಲಿ ಮಾರ್ಟ್‌ಗೇಜ್ ಕಟ್ಟುತ್ತೇನೆ. ಕನ್ನಡದಲ್ಲಿ ಎರಡಕ್ಕೂ ಒಂದೇ ಕ್ರಿಯಾಪದ ಇರುವುದರಿಂದ ನನ್ನ ಬಾಳಿನಲ್ಲಿ ಹೆಚ್ಚಿನ ಬದಲಾವಣೆಯೇನೂ ಆಗಿಲ್ಲವೆಂದು ವಾದಿಸಬಹುದು.

ಆ ಸಂಗೀತ ಕೇಳಿಲ್ಲದವರು ಹೆದರಬೇಕಾಗಿಲ್ಲ. ಅದರಲ್ಲಿ ಮಾತಿಲ್ಲ, ಹಾಡುವವರೂ ಇಲ್ಲ. ನಿಮಿಷಕ್ಕೆ ನೂರ ನಲವತ್ತೈದು ಪೆಟ್ಟು ಬೀಳುತ್ತವೆ, ಅಷ್ಟೆ. ಪ್ರತಿ ಪೆಟ್ಟಿಗೂ ಚೌಕಾಬಾರದ ಹಾಗೆ ನಾಲ್ಕು ಮನೆ. ಒಂದನೆಯ ಮನೆಯಲ್ಲಿ ಕಿಕ್ ಎಂಬ ದಪ್ಪ ಡೋಲಿನ ಗುದ್ದು. ಉಳಿದ ಮೂರರಲ್ಲಿ ಬೇಸ್ ಎಂಬ ತಗ್ಗುಸ್ಥಾಯಿಯ ಸ್ವರ. ಧಂ-ಗ-ಗ-ಗ, ಧಂ-ಗ-ಗ-ಗ. ಇದು ಏಳೆಂಟು ನಿಮಿಷ ನಡೆಯುತ್ತದೆ. ಮೊದಲ ನಿಮಿಷದಲ್ಲಿ ತಲೆನೋವು ಬರುತ್ತದೆ, ಎರಡನೆಯದರಲ್ಲಿ ಬೇಸರ; ಮೂರನೆಯದರಲ್ಲಿ ನೀವು ಎಲ್ಲಿದ್ದೀರಿ ಎಂಬುದು ಅಷ್ಟು ಮುಖ್ಯವಲ್ಲ ಎನಿಸತೊಡಗುತ್ತದೆ. ಬೇಸಿನ ಒಂದು ಸ್ವರದ ಆಯುಸ್ಸು ಸೆಕೆಂಡಿನ ಹತ್ತರಲ್ಲೊಂದು ಭಾಗ. ಅಷ್ಟರೊಳಗೆ ಅದರ ಹುಟ್ಟು, ಬಾಳು, ಸಾವುಗಳನ್ನು ಲ್ಯಾಪ್‌ಟಾಪಿನ ತೆರೆಯ ಮೇಲೆ ಬೇರೆಬೇರೆ ಗುಂಡಿ ತಿರುಗಿಸಿ ನಿಗದಿ ಮಾಡಬೇಕು. ವಿಧಿಯ ಕೆಲಸ ಇಷ್ಟು ಬೇಸರದ್ದೆಂದು ನನಗೆ ಅಲ್ಲಿಯತನಕ ಗೊತ್ತಿರಲಿಲ್ಲ.

ಈ ಹುಚ್ಚು ಎಲ್ಲಿಂದ ಅಂಟಿತು ಎಂದು ಕೇಳಿದರೆ ರಾಯಚೂರಿಗೆ ಹೋಗಬೇಕಾಗುತ್ತದೆ. ನಮ್ಮ ಮನೆ ಇದ್ದದ್ದು ಹತ್ತಿಯ ಜಿನ್ನಿನ ಹಿಂಬದಿಗೆ. ಕಾಳು ಬಿಡಿಸಿ ಅರಳೆ ಮಾಡುವ ಆ ಕಾರ್ಖಾನೆ ಹಂಗಾಮಿನಲ್ಲಿ ಹಗಲೆಲ್ಲ ಗುಂಯ್‌ಗುಡುತ್ತಿತ್ತು. ಅದನ್ನು ನಾವು ಕಿವಿಯಿಂದ ಕೇಳುತ್ತಿರಲಿಲ್ಲ, ಅಂಗಾಲು ಕೇಳುತ್ತಿತ್ತು. ಮಧ್ಯಾಹ್ನ ಶಹಾಬಾದಿ ಕಲ್ಲಿನ ನೆಲದ ಮೇಲೆ ಅಂಗಿ ಕಳಚಿ ಮಲಗಿ ಕಿವಿಯನ್ನು ಕಲ್ಲಿಗೆ ಒತ್ತಿದರೆ, ಭೂಮಿಯೊಳಗೆ ಯಾರೋ ಬಾಯಿ ಮುಚ್ಚಿಕೊಂಡು ಹಾಡುತ್ತಿದ್ದಾರೆ ಅನ್ನಿಸುತ್ತಿತ್ತು. ಬಚ್ಚಲ ಹಂಡೆಯ ನೀರಿನ ಮೇಲೆ ಒಂದರೊಳಗೊಂದು ಉಂಗುರ ಏಳುತ್ತಿದ್ದವು. ಕಿಟಕಿಯಿಂದ ಅರಳೆಯ ಎಳೆಗಳು ಬಿಸಿಲಿನಲ್ಲಿ ತೇಲಿಕೊಂಡು ಒಳಗೆ ಬಂದು ಅವ್ವನ ಕೂದಲಿನ ಮೇಲೆ, ಒಣಹಾಕಿದ ಹಪ್ಪಳದ ಮೇಲೆ, ನನ್ನ ಕಣ್ಣೆವೆಗಳ ಮೇಲೆ ಕೂರುತ್ತಿದ್ದವು. ನಾನು ನಿದ್ದೆಹೋಗುತ್ತಿದ್ದೆನೋ ಎಚ್ಚರವಿರುತ್ತಿದ್ದೆನೋ ಇವತ್ತಿಗೂ ಹೇಳಲಾರೆ.

ಸೆಲ್ಲಿ ಓಕ್‌ಗೆ ಬಂದ ಮೊದಲ ಚಳಿಗಾಲದಲ್ಲಿ ಹಿಮ ಬಿತ್ತು. ಎಲ್ಲರೂ ಬೀದಿಗೆ ಓಡಿ ಫೋಟೊ ತೆಗೆದುಕೊಂಡರು. ನಾನು ಕಿಟಕಿಯಲ್ಲಿ ನಿಂತು ನೋಡಿದೆ: ಥೇಟ್ ನಮ್ಮ ಜಿನ್ನಿನ ಅರಳೆ. ಅದೇ ತೇಲುವಿಕೆ, ಅದೇ ಅವಸರವಿಲ್ಲದ ಇಳಿತ. ಆದರೆ ಗುಂಯ್ ಎನ್ನುವುದು ಇರಲಿಲ್ಲ. ಗಾಜಿಗೆ ಹಣೆಯೊತ್ತಿ ಕಾದೆ. ಅಂಗಾಲಿಗೆ ಏನೂ ಕೇಳಿಸಲಿಲ್ಲ. ಚಿತ್ರ ಓಡುತ್ತಿದೆ, ಸದ್ದು ಕೆಟ್ಟಿದೆ. ಅದರ ಮರುವಾರವೇ ನಾನು ಬೇಸ್ ಕಟ್ಟಲು ಕೂತದ್ದು.

ನನ್ನ ಕೋಣೆಯ ನೇರ ಕೆಳಗಿನ ಕೋಣೆ ಇಮ್ತಿಯಾಜನದು. ಕಲಬುರಗಿಯವನು, ಔಷಧಶಾಸ್ತ್ರದ ವಿದ್ಯಾರ್ಥಿ. ಮನೆಯವರೊಂದಿಗೆ ದಖನಿ, ನನ್ನೊಂದಿಗೆ ಕನ್ನಡ, ಬಾಯ್ಲರಿನೊಂದಿಗೆ ಎರಡನ್ನೂ ಮಾತಾಡುತ್ತಿದ್ದ. ನಮ್ಮ ಮನೆ ಜಿನ್ನಿನ ಹಿಂದೆ ಇತ್ತು ಎಂದು ಹೇಳಿದಾಗ ಅವನು ಚಹಾದ ಲೋಟ ಕೆಳಗಿಟ್ಟು ಗಂಭೀರವಾಗಿ ಕೇಳಿದ್ದ:

“ಜಿನ್ ಹಿಂದ ನೀವ್ ಇದ್ರ್ಯಾ, ನಿಮ್ ಹಿಂದ ಜಿನ್ ಇತ್ತಾ?”

ನನ್ನ ಬೇಸ್ ಶುರುವಾದ ಮೇಲೆ, ಬೆನ್ನಿಗೆ ಜಿನ್ ಎಂಬ ಭೂತ ಹತ್ತಿದೆಯೆಂಬ ಆ ಅನುಮಾನವನ್ನು ಅವನು ನಿಶ್ಚಯಕ್ಕೆ ಬಡ್ತಿಗೊಳಿಸಿದ. ಅವನ ಚಹಾದ ಲೋಟವೇ ನನ್ನ ಅಳತೆಯ ಉಪಕರಣವಾಯಿತು. ಬೇಸ್ ಹದ ತಪ್ಪಿದಾಗಲೆಲ್ಲ ಲೋಟದೊಳಗಿನ ಚಹಾ ಕಲಕಿ ತುಳುಕುತ್ತಿತ್ತು, ಕೆಳಗಿನಿಂದ ಕೂಗು ಬರುತ್ತಿತ್ತು: “ಏ ಬಸ್ಯಾ! ಮತ್ತ ಚಾಯ್ ಮೇಜಿನ ಮ್ಯಾಲೆ ಬಂತು! ನಕ್ಕೋ ಮಿಯಾ, ಬ್ಯಾಡೋ!”

ಅವ್ವನಿಗೆ ಮಾತ್ರ ಇದಾವುದೂ ತಿಳಿದಿರಲಿಲ್ಲ. ನಾನು ಸುಳ್ಳು ಹೇಳಿರಲೂ ಇಲ್ಲ. ನಮ್ಮ ಕಡೆ ಬೇಸ್ ಎಂದರೆ ಚೆನ್ನ. ಪ್ರತಿ ಭಾನುವಾರ ಅವಳು ಫೋನಿನಲ್ಲಿ, “ಬೇಸ್ ಅದೀಯೇನಪ್ಪಾ? ಏನ್ ಮಾಡಾಕತ್ತಿ?” ಎನ್ನುತ್ತಿದ್ದಳು.

“ಬೇಸ್ ಮಾಡಾಕತ್ತೀನವ್ವಾ,” ಎನ್ನುತ್ತಿದ್ದೆ.

“ಹಾಂ, ಬೇಸ್ ಮಾಡು. ಎಲ್ಲಾ ಬಿಟ್ಟು ಅದನ್ನ ಮಾಡು.”

ಇಷ್ಟು ಸ್ಪಷ್ಟವಾದ ಮಾತೃವಾಕ್ಯವನ್ನು ಮೀರುವುದು ಹೇಗೆ? ಎಲ್ಲಾ ಬಿಟ್ಟು ಅದನ್ನೇ ಮಾಡಿದೆ.

ಡಿಸೆಂಬರಿನಲ್ಲಿ ಒಂದು ದಿನ ಪಕ್ಕದ ಮನೆಯ ಮುದುಕರು ನಮ್ಮ ಬಾಗಿಲಲ್ಲಿ ಐಸ್‌ಕ್ರೀಮಿನ ಡಬ್ಬಿಯೊಂದನ್ನು ಇಟ್ಟು ಹೋದರು. ವಿದ್ಯಾರ್ಥಿಗಳೇ ತುಂಬಿದ ಆ ಬೀದಿಯಲ್ಲಿ ಸ್ವಂತ ಮನೆಯಲ್ಲಿ ಉಳಿದಿದ್ದವರು ಅವರೊಬ್ಬರೇ ಎಂದು ಕೇಳಿದ್ದೆವು. ಡಬ್ಬಿಯೊಳಗೆ ಬೆರಳಗಲದ ಅಂಚಿನ ಪುಟ್ಟ ಪುಟ್ಟ ಕಡುಬಿನಂಥವು ಎಂಟು. ಜೊತೆಗೆ ಚೀಟಿ: ಮಿನ್ಸ್ ಪೈ, ಹಬ್ಬದ ಶುಭಾಶಯ, ಕೀತ್. ಮಿನ್ಸ್ ಎಂದರೆ ಖೀಮಾ ಎಂಬುದು ನಮ್ಮಿಬ್ಬರಿಗೂ ಗೊತ್ತಿದ್ದ ಇಂಗ್ಲಿಷ್. ಲಿಂಗಾಯತರ ಮನೆಯ ಹುಡುಗನಾದ ನಾನು ಅದು ಮಾಂಸವೆಂದು ಮುಟ್ಟಲಿಲ್ಲ. ಇಮ್ತಿಯಾಜ ಅದು ಹಲಾಲ್ ಮಾಂಸವಲ್ಲವೆಂದು ಮುಟ್ಟಲಿಲ್ಲ. ಎರಡು ಧರ್ಮಗಳು ಎರಡು ದಿನ ಡಬ್ಬಿಯ ಎರಡು ಬದಿಗೆ ಕೂತು ಗೌರವದಿಂದ ನೋಡಿದವು. ಮೂರನೆಯ ದಿನ ಒಂದನ್ನು ಮುರಿದು ನೋಡಿದರೆ ಒಳಗೆ ಒಣದ್ರಾಕ್ಷಿ, ಕಿತ್ತಳೆ ಸಿಪ್ಪೆ, ಸಕ್ಕರೆ ಪಾಕ. ಇನ್ನೂ ಏನೇನಿದೆ ಎಂದು ಆಳವಾಗಿ ವಿಚಾರಿಸಬಾರದೆಂದು ಸರ್ವಾನುಮತದಿಂದ ಠರಾವು ಮಾಡಿ ಎಂಟನ್ನೂ ತಿಂದೆವು.

ಆಮೇಲೆ ಡಬ್ಬಿ ತೊಳೆದು ವಾಪಸ್ ಮಾಡುವ ಪ್ರಸಂಗ. ನೀವು ನಮ್ಮ ಕಡೆಯವರಾದರೆ ಹೇಳಬೇಕಾಗಿಯೇ ಇಲ್ಲ: ನೆರೆಯವರ ಡಬ್ಬಿ ಖಾಲಿ ಹೋಗಕೂಡದು. ಏನೂ ಇಲ್ಲದಿದ್ದರೆ ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು. ಅವ್ವ ಬೈದು ಕಲಿಸಿದ ಕೆಲವೇ ವಿದ್ಯೆಗಳಲ್ಲಿ ಅದೊಂದು. ಇಮ್ತಿಯಾಜನ ಅಮ್ಮಿಯೂ ಹಾಗೆಯೇ ಮಾಡುತ್ತಿದ್ದರಂತೆ. ನಾವು ಒಂದು ಚಮಚ ಸಕ್ಕರೆ ಹಾಕಿ ಮುಚ್ಚಳ ಬಿಗಿದು, ಕೀತ್ ಮನೆಯಲ್ಲಿ ಇಲ್ಲದ್ದರಿಂದ ಅವರ ಬಾಗಿಲ ಬಳಿ ಇಟ್ಟು ಬಂದೆವು.

ಮರುದಿನ ಮಧ್ಯಾಹ್ನ ಅವರು ಡಬ್ಬಿ ಹಿಡಿದುಕೊಂಡೇ ಬಂದರು. ಎತ್ತರದ ಆಳು, ಎರಡೂ ಕಿವಿಯಲ್ಲಿ ಶ್ರವಣಯಂತ್ರ. ಮುಖದಲ್ಲಿ ಸಿಟ್ಟಿರಲಿಲ್ಲ, ನೋವಿತ್ತು.

“ಸಿಹಿ ಸಾಲಲಿಲ್ವಾ?” ಎಂದು ಇಂಗ್ಲಿಷಿನಲ್ಲಿ ಕೇಳಿದರು. “ನನ್ನ ತಾಯಿ ಮಾಡುತ್ತಿದ್ದ ಅಳತೆ ಅದು. ಯಾರೂ ಸಕ್ಕರೆ ವಾಪಸ್ ಕಳಿಸಿರಲಿಲ್ಲ.”

ನಾನು ಬೆವರಿ ವಿವರಿಸಿದೆ. ಖಾಲಿ ಡಬ್ಬಿ ಕೊಟ್ಟರೆ ಅವಮರ್ಯಾದೆ ಎಂದೆ. ಅವರು ಅರ್ಧ ನಂಬಿದರು. ಆ ಹೊತ್ತಿಗೆ ಮಹಡಿಯ ಮೇಲೆ ನಾನು ನಿಲ್ಲಿಸಲು ಮರೆತಿದ್ದ ಬೇಸ್ ತನ್ನಷ್ಟಕ್ಕೆ ಓಡುತ್ತಿತ್ತು. ಕೀತ್ ಮಾತು ನಿಲ್ಲಿಸಿ ಅಂಗೈಯನ್ನು ಗೋಡೆಗೆ ಒತ್ತಿದರು.

“ಇದು ನೀನಾ? ಮೂರು ವಾರದಿಂದ ನನ್ನ ಗೋಡೆ ಮಿಡಿಯುತ್ತಿದೆ.”

ಇನ್ನು ಮನೆ ಮಾಲೀಕರಿಗೆ ದೂರು ಹೋಗುತ್ತದೆ ಎಂದು ನಾನು ಕ್ಷಮೆಯ ವಾಕ್ಯ ಜೋಡಿಸುತ್ತಿದ್ದೆ. ಅವರು ಕಣ್ಣು ಮುಚ್ಚಿಕೊಂಡರು.

“ಕುಂಟುತ್ತಿದೆ,” ಎಂದರು.

ಹೀಗೆ ಕೀತ್ ಅವರ ಪರಿಚಯವಾಯಿತು. ಮೂವತ್ತು ವರ್ಷ ಬಸ್ಸುಗಳ ಎಂಜಿನ್ ರಿಪೇರಿ ಮಾಡಿ ಕಿವಿ ಕಳೆದುಕೊಂಡವರು. ಹಕ್ಕಿ ಕೇಳುವುದಿಲ್ಲ, ಬಾಗಿಲ ಗಂಟೆ ಕೇಳುವುದಿಲ್ಲ. ದಪ್ಪ ಸದ್ದು ಮಾತ್ರ ಉಳಿದಿದೆ. ನಡುವಯಸ್ಸಿನಲ್ಲಿ ಹೊಲಗಳಲ್ಲಿ ಟ್ರಾನ್ಸ್ ನುಡಿಸಿ ಕುಣಿದವರು, ಈಗ ಮಂಡಿ ಸಹಕರಿಸದ್ದರಿಂದ ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಎರಡರಿಂದ ಆರರವರೆಗೆ, ಹತ್ತಿರದ ಹಳೆಯ ಹಾಲ್ ಒಂದರಲ್ಲಿ ಅದನ್ನೇ ನುಡಿಸುತ್ತಿದ್ದರು. ನಾನು ಹೆಸರು ಹಿಡಿದು ಕರೆಯಲು ನಾಲಿಗೆ ಏಳದೆ ಕೀತ್ ಸರ್ ಎಂದೆ. “ಸರ್ ಅಂದರೆ ಪೊಲೀಸರು ಬಂದಿದ್ದಾರೆ ಅನ್ನಿಸುತ್ತೆ,” ಎಂದರು. ಇಮ್ತಿಯಾಜ ಕೀತ್ ಚಾಚಾ ಎಂದು ಸಮಸ್ಯೆ ಬಗೆಹರಿಸಿದ. ಬಸವರಾಜ ಎಂಬ ಹೆಸರು ಅವರ ಬಾಯಲ್ಲಿ ಬ್ಯಾಝ್ ಆಯಿತು.

ಜನವರಿಯಲ್ಲಿ ನಾವಿಬ್ಬರೂ ಆ ಹಾಲ್‌ಗೆ ಹೋದೆವು. ನಾನು ನೋಡಿದ್ದನ್ನು ನಂಬಿಸುವುದು ಕಷ್ಟ. ಎತ್ತರದ ಕಿಟಕಿಗಳಿಂದ ಹಾಲಿನಂಥ ಬೆಳಕು ಓರೆಯಾಗಿ ಬಿದ್ದಿತ್ತು. ಮೂಲೆಯಲ್ಲಿ ಚಹಾದ ಹಂಡೆ ಹಬೆಯಾಡುತ್ತಿತ್ತು. ಮರದ ನೆಲದ ಮೇಲೆ ಅರವತ್ತು ದಾಟಿದ ಹೆಂಗಸರು ಉಣ್ಣೆಯ ಕಾಲುಚೀಲದಲ್ಲಿ, ಕಣ್ಣು ಮುಚ್ಚಿ, ಯಾರೊಂದಿಗೂ ಅಲ್ಲದೆ ಎಲ್ಲರೊಂದಿಗೂ ಕುಣಿಯುತ್ತಿದ್ದರು. ಯಾರೂ ಯಾರನ್ನೂ ನೋಡುತ್ತಿರಲಿಲ್ಲ. ಹೊರಗೆ ಕ್ರಾಸ್-ಸಿಟಿ ರೈಲು ಹೋದಾಗ ಕಿಟಕಿ ಒಮ್ಮೆ ಝುಂ ಎಂದು ಬೇಸ್‌ನೊಂದಿಗೆ ಸೇರಿಕೊಂಡು ಬಿಟ್ಟುಹೋಗುತ್ತಿತ್ತು. ನಾನು ಬೂಟು ಕಳಚಿ ನಿಂತೆ. ಅಂಗಾಲಿಗೆ ಕೇಳಿಸಿತು. ರಾಯಚೂರು ಬಿಟ್ಟ ಮೇಲೆ ಅದೇ ಮೊದಲು. ಗಂಟೆ ಎಷ್ಟೆಂದು ಇಮ್ತಿಯಾಜ ಎರಡು ಸಲ ಕೇಳಿದನಂತೆ. ನಾನು, ಹಪ್ಪಳ ಒಳಗೆ ತಗೋಬೇಕು ಎಂದೆನಂತೆ. ಇದನ್ನು ಅವನು ಇವತ್ತಿಗೂ ಜನರ ಮುಂದೆ ಹೇಳುತ್ತಾನೆ.

ವಾಪಸ್ ನಡೆಯುತ್ತಾ ಕೀತ್ ಹೇಳಿದರು, ಹಾಲ್ ಮಾರಾಟವಾಗಿದೆ. ಫ್ಲ್ಯಾಟ್ ಮಾಡುತ್ತಾರೆ. ಮಾರ್ಚಿನ ಕೊನೆಯ ಭಾನುವಾರವೇ ಕಡೆಯದು. “ನಿನ್ನ ಬೇಸ್ ಕುಂಟುವುದು ಬಿಟ್ಟರೆ ಅವತ್ತು ನುಡಿಸುತ್ತೇನೆ. ಇಲ್ಲದಿದ್ದರೆ ಇಲ್ಲ. ಕಡೆಯ ದಿನ ನಾನು ಕೆಟ್ಟ ಬೇಸ್ ನುಡಿಸಲ್ಲ, ಬ್ಯಾಝ್.”

ಆ ನೆಲದ ಮೇಲೆ ನನ್ನ ಗುಂಯ್ ಒಂದು ಸಲ ಕೇಳಬೇಕು. ಅಷ್ಟೇ ನನಗೆ ಬೇಕಾಗಿದ್ದದ್ದು. ಅದಕ್ಕಾಗಿ ಆ ಎರಡು ತಿಂಗಳು ಪಟ್ಟ ಪಾಡನ್ನು ಡಿಗ್ರಿಗೆ ಪಟ್ಟಿದ್ದರೆ ವಿಶ್ವವಿದ್ಯಾಲಯದವರು ನನಗೆ ಹಾರ ಹಾಕುತ್ತಿದ್ದರು. ಸ್ವರ ಗಿಡ್ಡ ಮಾಡಿದೆ, ಉದ್ದ ಮಾಡಿದೆ. ಕಿಕ್ಕಿನ ಬಾಲ ಕತ್ತರಿಸಿದೆ. ಫೆಬ್ರವರಿಯಲ್ಲಿ ಕೀತ್ ಅದೇ ಡಬ್ಬಿಯಲ್ಲಿ ಬ್ರೆಡ್ ಪುಡಿಂಗ್ ತಂದುಕೊಟ್ಟು, ನನ್ನ ಮೇಜಿನ ಮೇಲೆ ಅಂಗೈ ಹರಡಿ ಕೂತು ಕೇಳಿದರು. ಶ್ರವಣಯಂತ್ರ ಎರಡನ್ನೂ ತೆಗೆದು ಜೇಬಿಗೆ ಹಾಕಿಕೊಂಡರು. ಅವರ ಪರೀಕ್ಷೆ ಕಿವಿಯದಲ್ಲ, ಅಂಗೈಯದು.

“ಕಿಕ್ಕಿನ ಕೆಳಗೆ ಏನೋ ಇದೆ,” ಎಂದು ಯಂತ್ರಗಳನ್ನು ಮತ್ತೆ ಕಿವಿಗೆ ಸಿಕ್ಕಿಸಿಕೊಂಡರು. “ಬೂಟಿನೊಳಗೆ ಹರಳು ಸಿಕ್ಕಿದ ಹಾಗೆ. ಏನಿಟ್ಟಿದ್ದೀಯ ಅಲ್ಲಿ?”

“ಏನೂ ಇಲ್ಲ,” ಎಂದೆ.

ಅವರು ತೆರೆ ತೋರಿಸೆಂದು ಬೆರಳು ಮಾಡಿದರು. ತೋರಿಸಿದೆ. ಒಂದನೆಯ ಮನೆ ಕಿಕ್ಕಿನದು. ಅಲ್ಲಿ ಬೇಸ್ ಇರಬಾರದು, ಪೂರ್ತಿ ಖಾಲಿ ಇರಬೇಕು. ಕಲಿಸುವವರೆಲ್ಲ ಮೊದಲ ಪಾಠದಲ್ಲೇ ಹೇಳುವ ಮಾತು ಅದು, ನನಗೂ ತಿಳಿದಿತ್ತು. ಆದರೂ ಪ್ರತಿಯೊಂದು ಒಂದನೆಯ ಮನೆಯಲ್ಲೂ, ಕಿಕ್ಕಿನ ಅಡಿಯಲ್ಲಿ, ಕೇಳಿಸಿಯೂ ಕೇಳಿಸದಷ್ಟು ಸಣ್ಣಗೆ ಒಂದು ತುಣುಕು ಬೇಸ್ ಇಟ್ಟಿದ್ದೆ.

“ಯಾಕೆ?”

“ಖಾಲಿ ಬಿಡಲು ಮನಸ್ಸಾಗಲಿಲ್ಲ.”

ಕೀತ್ ನನ್ನನ್ನು ನೋಡಿದರು. ಮೇಜಿನ ಮೇಲಿದ್ದ ಡಬ್ಬಿಯನ್ನು ನೋಡಿದರು.

“ಸಕ್ಕರೆ,” ಎಂದರು. “ಮಹಾರಾಯ, ಅಲ್ಲೂ ಸಕ್ಕರೆ ಹಾಕಿದ್ದೀಯ!”

ಕಾರಣ ತಿಳಿಯಿತು. ಕಾಯಿಲೆ ಮಾತ್ರ ಹೋಗಲಿಲ್ಲ. ಅಳಿಸಿದೆ, ಅಳಿಸಿದಾಗಲೆಲ್ಲ ಯಾರನ್ನೋ ಹೊಸ್ತಿಲಿನಿಂದ ಬರಿಗೈಯಲ್ಲಿ ಕಳಿಸಿದಂತಾಗಿ ಮತ್ತೆ ಹಾಕಿದೆ, ಮೊದಲಿಗಿಂತ ಚಿಕ್ಕದು. ಚಿಕ್ಕದಾದಷ್ಟೂ ಕೀತ್ ಅವರ ಅಂಗೈಗೆ ಅದು ಚುಚ್ಚುವುದು ಹೆಚ್ಚಾಯಿತು. ಮಾರ್ಚಿನ ಕೊನೆಯ ಶನಿವಾರ ಬಂದಿತು. ಕೀತ್ ಇನ್ನೂ ಹೂಂ ಎಂದಿರಲಿಲ್ಲ. ಮಧ್ಯಾಹ್ನ ಅವ್ವನಿಗೆ ಫೋನ್ ಮಾಡಿದೆ. ಮಾಡಬೇಕಾದ ದಿನ ಭಾನುವಾರ; ಶನಿವಾರ ಮಾಡಿದ್ದಕ್ಕೆ ಮೊದಲು ಜ್ವರ ಬಂದಿದೆಯೇ ಎಂದು ಕೇಳಿದಳು.

“ಇಲ್ಲವ್ವಾ. ಖಾಲಿ ಡಬ್ಬಿ ತಿರುಗಿ ಕೊಡಬಾರದು ಅಂತೀಯಲ್ಲ, ಯಾವಾಗ್ಲೂ ಕೊಡಬಾರದೇನು?”

“ಯಾರ ಡಬ್ಬಿ?”

“ಯಾರದಾರ ಇರಲಿ.”

“ಯಾರದಾರ ಅಂದ್ರ ಹ್ಯಾಂಗೋ? ಬ್ಯಾರೆಯವ್ರ ಮನಿದಾದ್ರ ಸಕ್ಕರಿ ಹಾಕಬೇಕು. ನಿಮ್ಮ ಚಿಗವ್ವನ ಮನಿ ಡಬ್ಬಿ ದಿನಾ ಬರ್ತಾವ, ದಿನಾ ಹೋಗ್ತಾವ. ಅದಕ್ಕೂ ಸಕ್ಕರಿ ಹಾಕ್ಕೋಂತ ಕುಂತ್ರ ಚಾಕ್ಕ ಏನ್ ಹಾಕ್ಲಿ? ನಮ್ಮವ್ರಿಗೆ ಖಾಲೀನ ಕೊಡಾದು. ಹಾಕಿ ಕೊಟ್ಟು ನೋಡು ಆಕಿಗೆ, ‘ನಾ ಏನ್ ಬ್ಯಾರೆಯಾಕಿ ಆಗೀನೇನು’ ಅಂತ ಹತ್ತು ದಿನ ಮಾತು ಬಿಡ್ತಾಳ.”

ನಾನು ಫೋನ್ ಹಿಡಿದೇ ಲ್ಯಾಪ್‌ಟಾಪಿನ ಮುಚ್ಚಳ ತೆರೆದೆ.

“ಬೇಸ್ ಮಾಡಾಕತ್ತೀಯಲ್ಲ?” ಎಂದಳು ಅವ್ವ.

“ಈಗ ಮಾಡ್ತೀನವ್ವಾ,” ಎಂದೆ.

ಫೋನಿಟ್ಟು ಲ್ಯಾಪ್‌ಟಾಪಿನ ಮುಂದೆ ಕೂತು, ಒಂದನೆಯ ಮನೆಗಳನ್ನೆಲ್ಲ ಗುರುತು ಹಾಕಿ ಒಂದೇ ಸಲಕ್ಕೆ ಖಾಲಿ ಮಾಡಿದೆ. ಈ ಸಲ ಬರಿಗೈಯಲ್ಲಿ ಹೋದವರು ಯಾರೂ ಕಾಣಲಿಲ್ಲ. ಕಿಕ್ಕು ಕಲ್ಲಿನ ನೆಲದ ಮೇಲೆ ಹಿಮ್ಮಡಿ ಊರಿದಂತೆ ಬಿತ್ತು. ಅದರ ಬೆನ್ನಿಗೆ, ಅದು ಬಿಟ್ಟುಕೊಟ್ಟ ಜಾಗದಿಂದ, ಮೂರು ಬೇಸ್ ಉರುಳಿ ಬಂದವು. ಮತ್ತೆ ಕಿಕ್ಕು. ಎಲ್ಲಿ ಒಂದು ಮುಗಿದು ಎಲ್ಲಿ ಇನ್ನೊಂದು ಶುರುವಾಗುತ್ತದೆಂದು ನನಗೇ ತಿಳಿಯಲಿಲ್ಲ.

ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಕೂಗು ಬಂತು.

“ಏ ಬಸ್ಯಾ! ಬಂದ್ ಮಾಡಿದ್ಯೇನು? ಚಾಯ್ ಸುಮ್ ಕುಂತದ!”

“ಇಲ್ಲೋ, ನಡದೈತಿ!”

“ಸುಳ್ಳ್ ಹೇಳಬ್ಯಾಡ... ಅರೆ, ನಿಂದ್ರು. ಏ, ಲಗು ಬಾ ಇಲ್ಲಿ.”

ಇಳಿದು ಹೋದೆ. ಇಮ್ತಿಯಾಜ ಮೇಜಿನ ಮೇಲಿನ ಲೋಟದ ಮುಂದೆ ಕೈಕಟ್ಟಿ ನಿಂತಿದ್ದ. ಒಂದು ಹನಿ ತುಳುಕಿರಲಿಲ್ಲ. ಚಹಾದ ಮೇಲೆ ಉಂಗುರಗಳು ಎದ್ದಿದ್ದವು: ಒಂದರೊಳಗೊಂದು, ಗುಂಡಗೆ, ಅಲುಗದೆ ನಿಂತ ಹಾಗೆ. ನಮ್ಮ ಹಂಡೆಯಲ್ಲಿ ಏಳುತ್ತಿದ್ದಂಥವು. ನಾವಿಬ್ಬರೂ ಬಗ್ಗಿ ನೋಡುತ್ತಾ ನಿಂತೆವು. ಚಹಾ ಆರಿತು, ಅವನು ಕುಡಿಯಲಿಲ್ಲ.

ಮರುದಿನ, ಬೇಸಿಗೆಯ ಹೊತ್ತಿಗೆಂದು ಆ ದೇಶದ ಗಡಿಯಾರಗಳು ಒಂದು ಗಂಟೆ ಮುಂದಕ್ಕೆ ಜಿಗಿಯುವ ಭಾನುವಾರ. ಇಡೀ ದೇಶವೇ ಒಂದು ಗಂಟೆಯನ್ನು ಖಾಲಿ ಬಿಟ್ಟ ದಿನ ನನ್ನ ಪರೀಕ್ಷೆ ಬಿದ್ದದ್ದು ಯೋಗ್ಯವೇ ಆಗಿತ್ತು. ಜನ ಬರುವ ಮೊದಲೇ ನಾವು ಹಾಲ್‌ಗೆ ಹೋದೆವು. ತೊಳೆದ ಡಬ್ಬಿಯನ್ನು ಕೀತ್ ಅವರ ಕೈಗೆ ಕೊಟ್ಟೆ. ಅವರು ಮುಚ್ಚಳ ತೆಗೆದು ನೋಡಿದರು, ಬೋರಲು ಹಾಕಿ ತಳ ತಟ್ಟಿದರು.

“ಈ ಸಲ ಸಕ್ಕರೆ ಇಲ್ಲ?”

“ಇಲ್ಲ. ಅವ್ವನನ್ನು ಕೇಳಿದೆ. ಸಕ್ಕರೆ ಹಾಕುವುದು ಹೊರಗಿನವರಿಗಂತೆ. ನಮ್ಮವರ ಡಬ್ಬಿಯನ್ನು ಖಾಲಿಯೇ ಕೊಡಬೇಕಂತೆ.”

ಕೀತ್ ಮುಚ್ಚಳ ಹಾಕಿ ಡಬ್ಬಿಯನ್ನು ಚಹಾದ ಹಂಡೆಯ ಪಕ್ಕ ಇಟ್ಟರು. ಶ್ರವಣಯಂತ್ರ ತೆಗೆದು ಜೇಬಿಗೆ ಹಾಕಿಕೊಂಡರು. ನನ್ನ ಹಾಡು ಹಚ್ಚಿ, ಒಂದೊಂದೇ ಮಂಡಿ ಮಡಚಿ ಕಷ್ಟದಿಂದ ಕೂತು, ಎರಡೂ ಅಂಗೈಗಳನ್ನು ಮರದ ನೆಲದ ಮೇಲೆ ಇಟ್ಟು ಕಣ್ಣು ಮುಚ್ಚಿದರು. ಕಿಟಕಿಯ ಬೆಳಕು ಅವರ ಬೆನ್ನ ಮೇಲೆ ಬಿದ್ದಿತ್ತು. ಅದರಲ್ಲಿ ಧೂಳಿನ ಕಣಗಳು ಅರಳೆಯ ಹಾಗೆ, ಅವಸರವಿಲ್ಲದೆ, ಇಳಿಯುತ್ತಿದ್ದವು. ಇಮ್ತಿಯಾಜ ನನ್ನ ತೋಳು ಹಿಡಿದಿದ್ದ. ಎಷ್ಟು ಬಿಗಿಯಾಗಿ ಹಿಡಿದಿದ್ದನೆಂದು ಮನೆಗೆ ಹೋದಮೇಲೆ ತಿಳಿಯಿತು. ಕೀತ್ ಎದ್ದು ನಿಲ್ಲಲು ತುಂಬಾ ಹೊತ್ತು ತೆಗೆದುಕೊಂಡರು.

ಹಾಡು ಸಂಜೆ ನಾಲ್ಕೂವರೆಗೆ ನುಡಿಯಿತು. ಏಳು ನಿಮಿಷ ಇತ್ತು. ಇಮ್ತಿಯಾಜನೂ ಸೇರಿ ಹದಿನಾಲ್ಕು ಜನ ಕುಣಿದರು. ಹಾಲ್ ಮುಂದಿನ ಬುಧವಾರ ಮುಚ್ಚಿತು. ಸೆಪ್ಟೆಂಬರಿನಲ್ಲಿ ನಾವು ಮನೆ ಬಿಡುವ ದಿನ ಕೀತ್ ಬಾಗಿಲಿಗೆ ಬಂದು ಆ ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು. ಅದರಲ್ಲಿ ಏನೂ ಇರಲಿಲ್ಲ.